ನೂರಕ್ಕೆ ಎಷ್ಟು? ಕಾರವಾರ, ಶಿರಸಿ ಕಡೆ ಚೌಕಾಸಿ ಮಾಡುವ ಬಗೆ

ಬೆಂಗಳೂರಿಂದ ಬಂದ ಗೆಳತಿಯನ್ನು ಒಂದು ಭಾನುವಾರ ಕಾರವಾರದ ಮೀನು ಪೇಟೆಗೆ ಕರೆದುಕೊಂಡು ಹೋಗಿದ್ದೆ. ಅವಳು ಬಂಗುಡೆ ರಾಶಿಯ ಮುಂದೆ ನಿಂತು "ಕೆಜಿ ಎಷ್ಟು?" ಅಂದಳು. ಮೀನಿನ ಅಕ್ಕ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ನಕ್ಕರು. ಆ ನಗುವಲ್ಲೇ ರೇಟು ಏರಿತು. ಇಲ್ಲಿ ಬಂಗುಡೆ ಕೊಳ್ಳುವವರು "ನೂರಕ್ಕೆ ಎಷ್ಟು?" ಅನ್ನುತ್ತಾರೆ. ನೂರು ರೂಪಾಯಿ ಇದ್ದಲ್ಲೇ ಇರುತ್ತದೆ, ಅಲ್ಲಾಡುವುದು ಮೀನಿನ ಸಂಖ್ಯೆ.

ನಮ್ಮ ಕಡೆಯ ಚೌಕಾಸಿಯ ಗುಟ್ಟು ಬಹುಪಾಲು ಇದರಲ್ಲೇ ಇದೆ. ದುಡ್ಡು ಇಳಿಸಿ ಅಂತ ಹಟ ಹಿಡಿದರೆ ಮಾರುವವರು ಬಿಗಿಯಾಗುತ್ತಾರೆ. ಅದೇ ದುಡ್ಡಿಗೆ ಇನ್ನೆರಡು ಹಾಕಿ ಅಂದರೆ ಕೈ ಸಡಿಲವಾಗುತ್ತದೆ. ಮೀನಿಗೆ ಹೇಗೋ, ಚಿನ್ನಕ್ಕೂ ಫ್ರಿಜ್‌ಗೂ ಹಾಗೇ. ನಾನು ಹುಟ್ಟಿದ್ದು ಕಾರವಾರದಲ್ಲಿ, ಕೆಲಸಕ್ಕೆ ಇರುವುದು ಶಿರಸಿಯಲ್ಲಿ. ದೇವಿಮನೆ ಘಾಟಿ ಹತ್ತಿ ಇಳಿದು, ಎರಡೂ ಕಡೆ ಒಂದಷ್ಟು ದುಡ್ಡು ಕಳೆದುಕೊಂಡು ಕಲಿತದ್ದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಹೊರಡುವ ಮೊದಲು ಕಾಲ ನೋಡಿ

ಚೌಕಾಸಿಯ ಅರ್ಧ ಕೆಲಸ ಮನೆಯಲ್ಲೇ ಮುಗಿದಿರಬೇಕು. ಮಾಲು ಜಾಸ್ತಿ ಬಂದ ದಿನ ಹೋದರೆ ಕೇಳದೆಯೂ ಕಮ್ಮಿ ಸಿಗುತ್ತದೆ. ಮಾಲೇ ಇಲ್ಲದ ದಿನ ಎಷ್ಟು ಬಾಯಿ ಮಾಡಿದರೂ ಗಂಟಲು ನೋವು ಅಷ್ಟೇ.

ಮೀನನ್ನೇ ತೆಗೆದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಪೇಟೆಗೆ ಬರುವುದು ಹೊಳೆ ಮೀನು, ಸಣ್ಣ ದೋಣಿಯವರು ದಡದ ಹತ್ತಿರ ಹಿಡಿದ ಮೀನು, ಐಸಿನಲ್ಲಿ ಹೊರಗಿನಿಂದ ಬಂದ ಮೀನು. ಆ ಎರಡು ತಿಂಗಳು ಚೌಕಾಸಿಯ ಆಸೆ ಬಿಟ್ಟುಬಿಡಿ. ಒಣಮೀನು ಬೇಕಿದ್ದರೆ ಏಪ್ರಿಲ್, ಮೇನಲ್ಲೇ ತಂದು ಡಬ್ಬಕ್ಕೆ ಹಾಕಿಡಿ. ಮಳೆ ಹಿಡಿದ ಮೇಲೆ ಅದೇ ಒಣ ಬಂಗುಡೆಯ ರೇಟು ಬೇರೆ, ಮೇಲಿಂದ ತಂಡಿಗೆ ಮೆತ್ತಗಾಗಿರುತ್ತದೆ.

ಆಗಸ್ಟ್ ಬಂದರೆ ಕತೆ ತಿರುಗುತ್ತದೆ. ದೋಣಿಗಳು ಹೊರಟಿರುತ್ತವೆ, ಆದರೆ ಶ್ರಾವಣ ಅಂತ ಅನೇಕ ಮನೆಗಳಲ್ಲಿ ಮೀನು ಬಂದ್. ತಿನ್ನುವವರಿಗೆ ಸುಗ್ಗಿ. ಚೌತಿ ಮುಗಿದ ಮೇಲೆ ನೋಡಿ, ಎಲ್ಲರೂ ಒಟ್ಟಿಗೆ ಪೇಟೆಗೆ ನುಗ್ಗುತ್ತಾರೆ, ರೇಟು ನೆಟ್ಟಗೆ ಮೇಲೆ. ಮಳೆ ಮುಗಿದ ಮೇಲೆ ದಂಡೆಯಲ್ಲಿ ರಂಪಣಿ ಬಲೆಗೆ (ದಡದಿಂದ ಎಳೆಯುವ ದೊಡ್ಡ ಬಲೆ) ಬಂಗುಡೆಯೋ ತಾರ್ಲೆಯೋ (ಬೂತಾಯಿ) ರಾಶಿ ಬಿತ್ತು ಅಂತ ಸುದ್ದಿ ಸಿಕ್ಕರೆ ಬೇರೆ ಮೀನಿನ ಆಸೆ ಬಿಟ್ಟು ಅದನ್ನೇ ತನ್ನಿ. ವಾರದಲ್ಲೂ ಹೀಗೇ. ಭಾನುವಾರ ಎಲ್ಲರಿಗೂ ಮೀನು ಬೇಕು. ಸೋಮವಾರ ಅನೇಕರು ಮುಟ್ಟುವುದಿಲ್ಲ, ಪೇಟೆ ತಣ್ಣಗಿರುತ್ತದೆ.

ಸಂತೆಯ ದಿನಗಳನ್ನೂ ನೆನಪಿಡಿ. ಕಾರವಾರದ ಸಂತೆ ಭಾನುವಾರ, ಶಿರಸಿಯದ್ದು ಮಂಗಳವಾರ, ಕುಮಟಾದ್ದು ಬುಧವಾರ. ಸಂತೆಗೆ ಬೆಳಿಗ್ಗೆ ಹೋದರೆ ಒಳ್ಳೆಯ ಮಾಲು, ಸಂಜೆ ಹೋದರೆ ಒಳ್ಳೆಯ ರೇಟು. ಎರಡೂ ಬೇಕು ಅನ್ನುವವರಿಗೆ ಎರಡೂ ಸಿಗುವುದಿಲ್ಲ. ಈರುಳ್ಳಿ, ಬಟಾಟೆ, ತೆಂಗಿನಕಾಯಿ ಸಂಜೆಗೆ ಇಟ್ಟುಕೊಳ್ಳಿ, ಏನೂ ಕೆಡುವುದಿಲ್ಲ. ಸೊಪ್ಪು, ಹೂವು ಬೆಳಿಗ್ಗೆಯೇ ಆಗಬೇಕು.

ಬೇಸಿಗೆಯಲ್ಲಿ ಹೆದ್ದಾರಿ 66ರ ಬದಿಯಲ್ಲೇ ಪೇಟೆ ಇರುತ್ತದೆ. ಕುಮಟಾ ಹತ್ತಿರ ಅಳ್ವೆಕೋಡಿ, ಹಂದಿಗೋಣದ ಕಡೆ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿರುತ್ತಾರೆ. ಅಂಕೋಲಾದಲ್ಲಿ ಮೇ ತಿಂಗಳಲ್ಲಿ ಕರಿ ಇಶಾಡು ಮಾವು. 2023ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಅಲ್ಲಿಂದ ಹೆಸರು ಇನ್ನೂ ಓಡಿದೆ. ಇದರ ಸಿಪ್ಪೆ ತೆಳು, ಹಣ್ಣು ಬೇಗ ಕೆಡುತ್ತದೆ. ಆದ್ದರಿಂದ ಬೆಳಿಗ್ಗೆ ಬಿಗಿಯಾಗಿ ಮಾತಾಡಿದವರೇ ಸಂಜೆ ಕರೆದು ಕೊಡುತ್ತಾರೆ. ಇಶಾಡಿನಲ್ಲಿ ಬಿಳಿಯದೂ ಇದೆ, ಅದರ ಸಿಪ್ಪೆ ದಪ್ಪ. ಬಿಳಿಗೆ ಕರಿಯ ರೇಟು ಕೊಟ್ಟು ಬಂದರೆ ಡಜನ್‌ಗೆ ಇಪ್ಪತ್ತು ರೂಪಾಯಿ ಇಳಿಸಿದ್ದು ಏನು ಉಪಯೋಗ ಬಂತು?

ಹಂತ 2: ಬರೀಗೈಲಿ ಒಂದು ಸುತ್ತು

ಪೇಟೆಗೆ ಹೋದ ಕೂಡಲೇ ಮೊದಲ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂರಬೇಡಿ. ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಒಂದು ಸುತ್ತು ಬನ್ನಿ. ಕೇಳಲೂ ಬೇಡಿ, ಕಿವಿ ತೆರೆದಿಡಿ ಸಾಕು. ಪಕ್ಕದಲ್ಲಿ ಇನ್ನೊಬ್ಬರು ಕೇಳುತ್ತಿರುತ್ತಾರೆ, ಎಷ್ಟಕ್ಕೆ ಮುಗಿಯಿತು ಅನ್ನುವುದೂ ಕೇಳಿಸುತ್ತದೆ. ಮೊದಲು ಹೇಳಿದ ರೇಟು ಪೇಟೆಯ ರೇಟಲ್ಲ. ದುಡ್ಡು ಕೈ ಬದಲಾಗುವಾಗ ಎಷ್ಟಿತ್ತೋ ಅದು ಪೇಟೆಯ ರೇಟು.

ಸುತ್ತು ಮುಗಿಯುವಾಗ ಮನಸ್ಸಲ್ಲಿ ಎರಡು ಲೆಕ್ಕ ಇರಲಿ. ಇವತ್ತು ಎಷ್ಟಕ್ಕೆ ಹೋಗುತ್ತಿದೆ, ಎಷ್ಟಕ್ಕಿಂತ ಮೇಲೆ ಹೋದರೆ ನನಗೆ ಬೇಡ. ಎರಡನೆಯದನ್ನು ಅಲ್ಲಿ ನಿಂತ ಮೇಲೆ ಬದಲಿಸಬೇಡಿ. ನಾನು ಇಸ್ವಾಣದ (ಅಂಜಲ್ ಮೀನು) ಮುಂದೆ ನಿಂತು ಬದಲಿಸಿದ್ದೇನೆ, ಒಂದು ಸಲವಲ್ಲ.

ಹಂತ 3: ಅವರ ಅಳತೆಯಲ್ಲೇ ಕೇಳಿ

ಅಳತೆ ಗೊತ್ತಿಲ್ಲದವರು ಹೊರಗಿನವರು ಅಂತ ಮೊದಲ ಮಾತಲ್ಲೇ ಗೊತ್ತಾಗುತ್ತದೆ. ಬಂಗುಡೆ, ತಾರ್ಲೆಗೆ ನೂರಕ್ಕೆ ಇಷ್ಟು. ಸಣ್ಣ ಮೀನು, ಸಿಗಡಿ, ಬೆಳಚು (ಚಿಪ್ಪುಮೀನು) ಪಾಲು ಮಾಡಿ ಇಟ್ಟಿರುತ್ತಾರೆ, ಪಾಲಿಗೆ ಇಷ್ಟು. ಇಸ್ವಾಣ, ಪಾಪ್ಲೆಟ್ ದೊಡ್ಡದಾದರೆ ತೂಕ, ಇಲ್ಲವೇ ಇಡೀ ಮೀನಿಗೆ ಒಂದು ಬೆಲೆ. ಮಾವು ಡಜನ್ನಿಗೆ, ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು) ನೂರಕ್ಕೆ, ತೆಂಗಿನಕಾಯಿ ಒಂದಕ್ಕೆ, ಈರುಳ್ಳಿ ಗೊಂಚಲಿಗೆ, ಭಟ್ಕಳದ ಮಲ್ಲಿಗೆ ಮೊಳಕ್ಕೆ.

ಮೊಳದಲ್ಲಿ ಒಂದು ತಮಾಷೆ ಇದೆ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ. ಯಾರ ಮೊಣಕೈ? ಮಾರುವವರದ್ದು. ನನ್ನ ಅಮ್ಮ ಯಾವಾಗಲೂ ಎತ್ತರದ ಹೂವಿನ ಅಕ್ಕನನ್ನೇ ಹುಡುಕುತ್ತಿದ್ದಳು. ರೇಟು ಎಲ್ಲರದ್ದೂ ಒಂದೇ ಇತ್ತು, ಅಮ್ಮನ ಜಡೆಯಲ್ಲಿ ಮಾತ್ರ ಹೂವು ಜಾಸ್ತಿ ಇರುತ್ತಿತ್ತು.

ಹಂತ 4: ಮೊದಲ ಮಾತು

ಕರೆಯುವ ರೀತಿ ಸರಿಯಾಗಿರಲಿ. ಮೀನು, ತರಕಾರಿ ಮಾರುವವರಿಗೆ "ಅಕ್ಕಾ", ವಯಸ್ಸಾದವರಿಗೆ "ಅಮ್ಮಾ". ಅಂಗಡಿಯವರಿಗೆ ಶೆಟ್ರೇ, ನಾಯ್ಕರೇ, ಹೆಗಡೆಯವರೇ ಅಂತ ಗೊತ್ತಿದ್ದ ಹೆಸರು. ಗೊತ್ತಿಲ್ಲದಿದ್ದರೆ "ಅಣ್ಣಾ" ಸಾಕು. ಕಾರವಾರದಲ್ಲಿ ಕೊಂಕಣಿಯ ನಾಲ್ಕು ಮಾತು ಬಂದರೆ ಒಳ್ಳೆಯದು. ಬಾರದಿದ್ದರೂ ಅಡ್ಡಿಯಿಲ್ಲ, ಸುಮ್ನೆ ಹರಕು ಕೊಂಕಣಿ ಆಡಿ ನಗೆಪಾಟಲಾಗಬೇಡಿ.

"ಏನ್ ರೇಟಿದು, ಇಷ್ಟೊಂದಾ!" ಅಂತ ಶುರು ಮಾಡುವವರು ಶುರುವಿನಲ್ಲೇ ಸೋಲುತ್ತಾರೆ. ಮಾಲನ್ನು ಹಳಿಯುವುದೂ ಬೇಡ. "ಇದೇನು ಹಳೇ ಮೀನು" ಅಂದರೆ ಆ ಅಕ್ಕ ನಿಮ್ಮ ಕಡೆ ಮತ್ತೆ ತಿರುಗಿಯೂ ನೋಡುವುದಿಲ್ಲ. ನಾನು ಕೇಳುವುದು "ಇವತ್ತು ಬುಟ್ಟಿ ಎಷ್ಟಕ್ಕೆ ಹೋಯ್ತು ಅಕ್ಕಾ?" ಅಂತ. ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಹರಾಜಾಗುತ್ತದೆ, ಇವರು ಅಲ್ಲಿ ಬುಟ್ಟಿ ಲೆಕ್ಕದಲ್ಲಿ ಹಿಡಿದು ತಂದು ಇಲ್ಲಿ ಬಿಡಿಯಾಗಿ ಮಾರುತ್ತಾರೆ. ಈ ಪ್ರಶ್ನೆ ಕೇಳಿದರೆ ಎರಡು ಲಾಭ. ನಿಮಗೆ ವ್ಯಾಪಾರ ಗೊತ್ತು ಅಂತ ಅವರಿಗೆ ತಿಳಿಯುತ್ತದೆ. ಅವರು ಕೊಡುವ ಉತ್ತರದಲ್ಲಿ ಇವತ್ತು ಎಷ್ಟು ಸಡಿಲ ಬಿಡಬಹುದು ಅನ್ನುವ ಸುಳಿವೂ ಇರುತ್ತದೆ.

ಬೆಳಿಗ್ಗೆ ಬೇಗ ಹೋದರೆ "ಬೋಣಿ ಆಯ್ತಾ?" ಅಂತ ಕೇಳಿ. ಮೊದಲ ಗಿರಾಕಿ ಬರಿಗೈಲಿ ಹೋಗಬಾರದು ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಆದರೆ ಬೋಣಿಯ ಹೊತ್ತಲ್ಲಿ ತೀರಾ ಎಳೆದಾಡಿ ಕೊನೆಗೆ ಕೊಳ್ಳದೆ ಹೋದರೆ ಬೈಗುಳ ಗ್ಯಾರಂಟಿ. ಅದು ನ್ಯಾಯವೂ ಹೌದು.

ಹಂತ 5: ದುಡ್ಡು ಹಾಗೇ ಇರಲಿ, ಎಣಿಕೆ ಏರಲಿ

ಮೊದಲು ಮೀನು ನೋಡಿ. ಕಣ್ಣು ಹೊಳೆಯಬೇಕು, ಒಳಗೆ ಹೂತಿರಬಾರದು. ಕಿವಿರು ಎತ್ತಿದರೆ ಕೆಂಪಗಿರಬೇಕು. ಹೊಟ್ಟೆಗೆ ಬೆರಳೊತ್ತಿದರೆ ಗುಂಡಿ ಹಾಗೇ ಉಳಿಯಬಾರದು. ಇದಿಷ್ಟನ್ನು ಮಾತಿಲ್ಲದೆ ಮಾಡಿ. ಬೆರಳು ಮಾತಾಡುತ್ತಿರುವಾಗ ಬಾಯಿ ಯಾಕೆ?

ಆಮೇಲೆ ಮಾತು ಹೀಗೆ ಸಾಗುತ್ತದೆ. ಸಂಖ್ಯೆ ಉದಾಹರಣೆಗೆ ಮಾತ್ರ.

"ನೂರಕ್ಕೆ ಎಷ್ಟು ಅಕ್ಕಾ?"

"ಆರು."

ಸ್ವಲ್ಪ ಹೊತ್ತು ಸುಮ್ಮನಿರಿ. ಇದು ಕಷ್ಟ. ಸುಮ್ಮನಿದ್ದರೆ ನಮಗೇ ಮುಜುಗರವಾಗಿ ಏನೋ ಬಡಬಡಿಸುತ್ತೇವೆ. ತಡೆದುಕೊಳ್ಳಿ. ಹತ್ತರಲ್ಲಿ ಐದು ಸಲ ಅವರೇ "ಎಷ್ಟು ಬೇಕು ಹೇಳು ತಂಗಿ" ಅನ್ನುತ್ತಾರೆ.

"ಎರಡು ನೂರರದ್ದು ತಗೊಳ್ತೇನೆ. ಹದಿನೈದು ಕೊಡಿ."

"ಆಗೂದಿಲ್ಲ ತಂಗಿ. ಬುಟ್ಟಿಯೇ ತುಟ್ಟಿ ಇವತ್ತು. ಹದಿಮೂರು."

"ಹದಿನಾಲ್ಕು ಮಾಡಿ. ಸಣ್ಣದು ಹಾಕಬೇಡಿ ಮತ್ತೆ."

ಇಲ್ಲಿ ಏನೇನಾಯಿತು ನೋಡಿ. ಒಂದು ನೂರರ ಬದಲು ಎರಡು ನೂರರದ್ದು ಅಂದೆ, ವ್ಯಾಪಾರ ದೊಡ್ಡದಾಯಿತು. ಹನ್ನೆರಡು ಸಿಗಬೇಕಾದಲ್ಲಿ ಹದಿನಾಲ್ಕು ಬಂತು. ರೇಟು ಇಳಿಸಿ ಅಂತ ಒಮ್ಮೆಯೂ ಅನ್ನಲಿಲ್ಲ. ಆರಕ್ಕೆ ನೂರು ಅನ್ನುವ ಅವರ ರೇಟು ಪಕ್ಕದಲ್ಲಿ ನಿಂತ ಇನ್ನೊಬ್ಬ ಗಿರಾಕಿಯ ಮುಂದೆ ಮುರಿಯಲೂ ಇಲ್ಲ. ಮಾರುವವರಿಗೆ ಇದು ದೊಡ್ಡ ಸಂಗತಿ. ಎಂಬತ್ತಕ್ಕೆ ಕೊಡಿ ಅಂತ ಜೋರಾಗಿ ಕೇಳಿದರೆ, ನಿಮಗೆ ಕೊಡುವ ಮನಸ್ಸಿದ್ದರೂ ಸುತ್ತ ನಿಂತ ಐದು ಜನಕ್ಕೆ ಕೊಡಬೇಕಾಗುತ್ತದೆ ಅಂತ ಕೊಡುವುದಿಲ್ಲ. ಆದ್ದರಿಂದ ಕಮ್ಮಿ ಕೇಳುವಾಗ ದನಿಯೂ ಕಮ್ಮಿ ಇರಲಿ.

"ಸಣ್ಣದು ಹಾಕಬೇಡಿ" ಅನ್ನುವ ಮಾತು ಮರೆಯಬಾರದು. ಹದಿನಾಲ್ಕಕ್ಕೆ ಒಪ್ಪಿದ ಕೈ ರಾಶಿಯ ಅಡಿಗೆ ಹೋಗುತ್ತದೆ. ಕಣ್ಣು ಆ ಕೈ ಮೇಲೇ ಇರಲಿ.

ದೊಡ್ಡ ಮೀನಿಗೆ ಉಪಾಯ ಬೇರೆ. ಇಡೀ ಇಸ್ವಾಣ ಒಬ್ಬರಿಗೆ ಜಾಸ್ತಿ, ತುಂಡು ಕೊಂಡರೆ ತುಟ್ಟಿ. ಪಕ್ಕದ ಮನೆಯವರ ಜೊತೆ ಸೇರಿ ಇಡೀ ಮೀನಿಗೆ ಒಂದು ಮಾತು ಆಡಿ, ಮನೆಯಲ್ಲಿ ಹಂಚಿಕೊಳ್ಳಿ. ನಮ್ಮ ಓಣಿಯಲ್ಲಿ ಇದಕ್ಕೆ ಒಂದು ವಾಟ್ಸಾಪ್ ಗುಂಪೇ ಇದೆ. ತಲೆ ಯಾರಿಗೆ ಅನ್ನುವ ಜಗಳವೂ ಅಲ್ಲೇ ನಡೆಯುತ್ತದೆ.

ಹಂತ 6: ಕೊಸರು, ಇಲ್ಲವೇ ಹೊರಟುಬಿಡುವುದು

ಮಾತು ಮುಗಿದ ಮೇಲೆ ಕೊಸರು ಕೇಳಿ, ಮೊದಲೇ ಕೇಳಬೇಡಿ. ಮೊದಲೇ ಕೇಳಿದರೆ ಅದನ್ನೂ ರೇಟಿನಲ್ಲಿ ಸೇರಿಸುತ್ತಾರೆ. ತರಕಾರಿಗೆ ನಾಲ್ಕು ಹಸಿಮೆಣಸು, ಒಂದು ಕಡ್ಡಿ ಕರಿಬೇವು. ತಾರ್ಲೆಗೆ ಮೇಲೆ ಒಂದು ಹಿಡಿ. ಕೊಸರು ಕೊಟ್ಟವರಿಗೂ ಖುಷಿ, ತೆಗೆದುಕೊಂಡವರಿಗೂ ಖುಷಿ. ಹತ್ತು ರೂಪಾಯಿ ಇಳಿಸಿದರೆ ಆ ಖುಷಿ ಒಂದೇ ಕಡೆಗೆ.

ಹೊಂದದಿದ್ದರೆ ಹೊರಡಿ. "ನೋಡ್ತೇನೆ ಅಕ್ಕಾ" ಅಂತ ಹೇಳಿ ಹೊರಡಿ, ಮುಖ ಗಂಟಿಕ್ಕಬೇಡಿ. ಹತ್ತು ಹೆಜ್ಜೆಯೊಳಗೆ ಕರೆದರೆ ನೀವು ಕೇಳಿದ್ದು ನ್ಯಾಯದ ರೇಟು. ಕರೆಯದಿದ್ದರೆ ನೀವು ಕೇಳಿದ್ದು ಕಮ್ಮಿ ಆಯಿತು ಅಂತ ತಿಳಿಯಿರಿ. ಆಗ ಮರಳಿ ಬಂದು ಅವರು ಹೇಳಿದ್ದಕ್ಕೇ ಕೊಳ್ಳಲು ನಾಚಿಕೆ ಯಾಕೆ? ಕರೆದ ಮೇಲೆ ಮಾತ್ರ ಇನ್ನೂ ಇಳಿಸಿ ಅನ್ನಬೇಡಿ. ಕರೆದರು ಅಂದರೆ ಮಾತು ಮುಗಿಯಿತು.

ಜೇಬಿನಿಂದ ತೊಂಬತ್ತು ರೂಪಾಯಿ ತೆಗೆದು "ಇರುವುದೇ ಇಷ್ಟು" ಅನ್ನುವ ನನ್ನ ಅಜ್ಜನ ಕಾಲದ ಉಪಾಯ ಸತ್ತುಹೋಯಿತು. ಎದುರಿಗೆ ಫೋನ್‌ಪೇ ಬೋರ್ಡ್ ಇರುತ್ತದೆ.

ಶಿರಸಿಯ ಅಪ್ಪೆಮಿಡಿ

ಇದನ್ನು ಬೇರೆಯೇ ಬರೆಯಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಶಿರಸಿ ಪೇಟೆಗೆ ಮಿಡಿ ಬರುತ್ತದೆ, ಜೊತೆಗೆ ಮಿಡಿ ಕೊಳ್ಳುವವರ ಹುಚ್ಚೂ ಬರುತ್ತದೆ. ಇಲ್ಲಿ ರೇಟಿಗಿಂತ ಗುಣದ ಮೇಲೆ ಚೌಕಾಸಿ ಮಾಡಿ. ಉಪ್ಪಿನಕಾಯಿ ಕೆಟ್ಟರೆ ಮಿಡಿಯ ದುಡ್ಡಿನ ಜೊತೆ ಉಪ್ಪು, ಮೆಣಸು, ಸಾಸಿವೆಯ ದುಡ್ಡೂ ಹೋಗುತ್ತದೆ, ಒಂದು ವರ್ಷದ ಊಟದ ರುಚಿಯೂ ಹೋಗುತ್ತದೆ.

ತೊಟ್ಟು ಇರಬೇಕು. ಕೊಯ್ದ ಮಿಡಿಗೆ ತೊಟ್ಟಿರುತ್ತದೆ, ಉದುರಿದ್ದನ್ನು ಹೆಕ್ಕಿ ತಂದದ್ದಕ್ಕೆ ಇರುವುದಿಲ್ಲ. ಉದುರಿದ್ದು ಪೆಟ್ಟು ತಿಂದಿರುತ್ತದೆ, ಭರಣಿಯಲ್ಲಿ ಮೊದಲು ಮೆತ್ತಗಾಗುವುದು ಅದೇ. ಮಾರುವವರನ್ನು ಕೇಳಿ ಒಂದರ ತೊಟ್ಟು ಮುರಿಯಿರಿ, ಸೊನೆ ಮೂಸಿ. ಜೀರಿಗೆ ಅಪ್ಪೆ ಅಂತ ಹೇಳಿದ್ದಾರೆ ಅಂದರೆ ಮೂಗಿಗೆ ಜೀರಿಗೆಯ ಘಮ ಬರಲೇಬೇಕು. ಮೂಗು ಒಪ್ಪದಿದ್ದರೆ ಬಾಯಿ ಮಾತು ನಂಬಬೇಡಿ. ಒಂದನ್ನು ಕತ್ತರಿಸಿ ನೋಡಿ, ಒಳಗೆ ಗೊರಟು ಬಲಿತಿರಬಾರದು.

ಎಣಿಸುವಾಗ ಐದೈದು ಎತ್ತಿ ಹಾಕುತ್ತಾರೆ, ಬಾಯಲ್ಲಿ ಲೆಕ್ಕ ಓಡುತ್ತಿರುತ್ತದೆ. ಆಗ ಅವರನ್ನು ಮಾತಾಡಿಸಬೇಡಿ, ನೀವೂ ಮನಸ್ಸಲ್ಲಿ ಎಣಿಸಿ. ಮೊದಲ ವರ್ಷ ನಾನು ಹರಟೆಗೆ ಕೂತು ಐನೂರು ಮಿಡಿ ತಂದಿದ್ದೆ. ಮನೆಯಲ್ಲಿ ಎಣಿಸಿದರೆ ನಾನೂರ ಎಪ್ಪತ್ತು ಇತ್ತು. ಅವರು ಬೇಕಂತಲೇ ತಪ್ಪಿಸಿದರು ಅಂತ ಹೇಳಲಾರೆ, ಹರಟೆ ನನ್ನದೇ. ಈಗ ನಾನು ರೇಟಿಗೆ ಒಪ್ಪಿ, "ಪೆಟ್ಟಾದದ್ದು, ತೊಟ್ಟಿಲ್ಲದ್ದು ತೆಗೆದು ಬೇರೆ ಹಾಕಿ ಕೊಡಿ" ಅನ್ನುತ್ತೇನೆ. ನೂರಕ್ಕೆ ಹತ್ತು ಬದಲಾದರೆ ಅದೇ ಹತ್ತು ಪರ್ಸೆಂಟ್ ರಿಯಾಯಿತಿ.

ಶಿರಸಿಯ ಮಾರಿಕಾಂಬಾ ಜಾತ್ರೆಯ ಬಗ್ಗೆಯೂ ಒಂದು ಮಾತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ದೂರದ ಊರುಗಳಿಂದ ಬಳೆ, ಪಾತ್ರೆ, ಆಟಿಕೆಯ ಅಂಗಡಿಯವರು ಬರುತ್ತಾರೆ. ಅವರು ನಿಮ್ಮನ್ನು ಇನ್ನೊಮ್ಮೆ ನೋಡುವುದಿಲ್ಲ, ನೀವೂ ಅವರನ್ನು ನೋಡುವುದಿಲ್ಲ. ಅಲ್ಲಿ ಹೇಳಿದ ರೇಟಿನ ಅರ್ಧಕ್ಕೆ ಕೇಳಲು ಅಡ್ಡಿಯಿಲ್ಲ. ಕೊನೆಯ ದಿನಗಳಲ್ಲಿ ಗಂಟು ಕಟ್ಟುವ ಅವಸರ ಇರುತ್ತದೆ, ಆಗ ಪಾತ್ರೆ ಕೊಳ್ಳಿ.

ಚಿನ್ನದ ಅಂಗಡಿ

ಚಿನ್ನದ ದಿನದ ರೇಟಿನ ಮೇಲೆ ಚೌಕಾಸಿ ಮಾಡುವುದು ವ್ಯರ್ಥ. ಅಲ್ಲಾಡುವುದು ಮಜೂರಿ, ಅಂದರೆ ಒಡವೆ ಮಾಡಿದ ಕೂಲಿ. ಲೆಕ್ಕಕ್ಕೆ ಗ್ರಾಮಿಗೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. 10 ಗ್ರಾಮಿನ ಸರಕ್ಕೆ ಚಿನ್ನದ ಬೆಲೆ 1,00,000. ಮಜೂರಿ 12% ಅಂದರೆ 12,000, ಅದನ್ನು 9%ಗೆ ಇಳಿಸಿದರೆ 9,000. ಒಟ್ಟು ಮೊತ್ತದ ಮೇಲೆ 3% ಜಿಎಸ್‌ಟಿ ಇರುವುದರಿಂದ ನಿಮಗೆ ಉಳಿಯುವುದು 3,090 ರೂಪಾಯಿ. ಸರಳ ವಿನ್ಯಾಸಕ್ಕೆ ಮಜೂರಿ ಕಮ್ಮಿ, ಕುಸುರಿ ಜಾಸ್ತಿ ಇದ್ದರೆ ಜಾಸ್ತಿ. ಇದು ನ್ಯಾಯವೇ, ಕೆಲಸಗಾರರ ಕೈ ಸವೆದಿರುತ್ತದೆ.

ಕೇಳಬೇಕಾದದ್ದು ಮೂರು. ಮಜೂರಿಯ ಜೊತೆ ವೇಸ್ಟೇಜ್ ಅಂತ ಬೇರೆ ಹಾಕುತ್ತೀರಾ? ಹರಳಿನ ತೂಕ ಕಳೆದು ಚಿನ್ನ ಎಷ್ಟು? ವಾಪಸ್ ತಂದರೆ ಏನು ಕಳೆಯುತ್ತೀರಿ? ಹಾಲ್‌ಮಾರ್ಕ್ ಜೊತೆ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಇರಲೇಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಎಷ್ಟು ಶುದ್ಧ ಅಂತ ಅಂಗಡಿಯಲ್ಲೇ ನೋಡಬಹುದು. 22 ಕ್ಯಾರೆಟ್ ಅಂದರೆ 916 ಅಂತ ಇರುತ್ತದೆ. "ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಉಳಿಯುತ್ತೆ" ಅಂತ ಯಾರಾದರೂ ಅಂದರೆ ಎದ್ದು ಬನ್ನಿ.

ಫ್ರಿಜ್, ಟಿವಿ, ಎಸಿ

ನನ್ನ ದೊಡ್ಡ ಸೋಲು ಇಲ್ಲೇ. ಒಂದು ಅಂಗಡಿಯಲ್ಲಿ ಒಂದು ಗಂಟೆ ಕೂತು ಫ್ರಿಜ್‌ಗೆ 1,500 ರೂಪಾಯಿ ಇಳಿಸಿದೆ. ಗೆದ್ದೆ ಅಂತ ಬೀಗುತ್ತ ಚಹಾ ಕುಡಿದೆ. ಆಮೇಲೆ ಸ್ಟೆಬಿಲೈಸರ್, ಸ್ಟ್ಯಾಂಡ್, ಮನೆಗೆ ತರುವ ಗಾಡಿ ಅಂತ 2,200 ಸೇರಿತು. ಸ್ಟೆಬಿಲೈಸರ್ ಪಕ್ಕದ ಅಂಗಡಿಯಲ್ಲಿ ಅದಕ್ಕಿಂತ ಕಮ್ಮಿಗೆ ಇತ್ತು. ತಪ್ಪು ಅವರದ್ದೆಷ್ಟೋ ನನ್ನದೂ ಅಷ್ಟೇ, ನಾನು ಪೂರ್ತಿ ಕೇಳಿರಲಿಲ್ಲ.

ಅಂದಿನಿಂದ ನನ್ನ ಪ್ರಶ್ನೆ ಒಂದೇ. "ಮನೆಗೆ ಬಂದು ಕರೆಂಟ್ ಹತ್ತುವವರೆಗೆ ಒಟ್ಟು ಎಷ್ಟು?" ಆ ಸಂಖ್ಯೆಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಆಮೇಲೆ ಚೌಕಾಸಿ. ಅಂಗಡಿಯವರು ಬೆಲೆ ಇಳಿಸಲಾರದಿದ್ದರೂ ಸ್ಟೆಬಿಲೈಸರನ್ನೋ ಟಿವಿಯ ಗೋಡೆ ಸ್ಟ್ಯಾಂಡನ್ನೋ ಸೇರಿಸಿ ಕೊಡಬಲ್ಲರು. ಬಂಗುಡೆಯ ಲೆಕ್ಕವೇ ಇದು.

ಎಂಆರ್‌ಪಿ ಮೇಲೆ ಮೂವತ್ತು ಪರ್ಸೆಂಟ್ ಕಮ್ಮಿ ಅನ್ನುವ ಬೋರ್ಡಿಗೆ ಮರುಳಾಗಬೇಡಿ. ಎಂಆರ್‌ಪಿ ಅಂದರೆ ಗರಿಷ್ಠ ಬೆಲೆ, ಎಲ್ಲ ತೆರಿಗೆ ಸೇರಿದ್ದು. ಅದಕ್ಕಿಂತ ಕಮ್ಮಿಗೆ ಯಾರು ಬೇಕಾದರೂ ಮಾರಬಹುದು. ಹೋಲಿಸಬೇಕಾದದ್ದು ಇನ್ನೊಂದು ಅಂಗಡಿಯ ಬೆಲೆ, ಆನ್‌ಲೈನ್ ಬೆಲೆ. ಫೋನ್ ಎದುರಿಗೆ ಹಿಡಿದು ಸವಾಲು ಹಾಕಬೇಡಿ. "ಇಲ್ಲಿ ಹೀಗಿದೆ, ಆದರೆ ರಿಪೇರಿಗೆ ನಿಮ್ಮ ಹತ್ತಿರವೇ ಬರಬೇಕಲ್ವಾ, ನೀವೆಷ್ಟಕ್ಕೆ ಕೊಡ್ತೀರಿ?" ಅನ್ನಿ. ಬಡ್ಡಿ ಇಲ್ಲದ ಕಂತು ಅಂದರೆ ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಅಂತಲೂ ಕೇಳಿ. ಎರಡರ ನಡುವಿನ ವ್ಯತ್ಯಾಸವೇ ಬಡ್ಡಿ.

ಕರಾವಳಿಯವರಿಗೆ ಇನ್ನೊಂದು ಮಾತಿದೆ. ಉಪ್ಪುಗಾಳಿಗೆ ಎಸಿಯ ಹೊರಗಿನ ಡಬ್ಬ ಬೇಗ ತುಕ್ಕು ಹಿಡಿಯುತ್ತದೆ. ಸಾವಿರ ಇಳಿಸುವ ಬದಲು ತುಕ್ಕು ತಡೆಯುವ ಲೇಪ ಇದೆಯಾ, ಸರ್ವೀಸ್‌ನವರು ಕಾರವಾರದಲ್ಲೇ ಇದ್ದಾರಾ ಅಂತ ಕೇಳಿ. ಹುಬ್ಬಳ್ಳಿಯಲ್ಲಿ ಕಮ್ಮಿ ಅಂತ ಶಿರಸಿಯಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್ ಹೋಗುವವರು ಗಾಡಿ ಬಾಡಿಗೆಯನ್ನೂ ಕೂಡಿಸಿ ನೋಡಲಿ. ಮದುವೆ ಜವಳಿಗೆ ಹೋದರೆ ಲಾಭ, ಒಂದು ಮಿಕ್ಸಿಗೆ ಹೋದರೆ ಬರೀ ತಿರುಗಾಟ.

ರೂಮು, ಆಟೊ, ದೋಣಿ

ಗೋಕರ್ಣದಲ್ಲಿ ಡಿಸೆಂಬರ್ ಕೊನೆಗೆ, ಶಿವರಾತ್ರಿಗೆ ರೂಮಿನ ಬಾಡಿಗೆ ಮಾತಾಡಬೇಡಿ, ಸಿಕ್ಕಿದ್ದೇ ಪುಣ್ಯ. ಮಳೆಗಾಲದಲ್ಲಿ ವಾರದ ನಡುವೆ ನೇರ ಫೋನ್ ಮಾಡಿ, ಎರಡು ರಾತ್ರಿಗೆ ಕೇಳಿ. ಆ್ಯಪ್‌ನ ಕಮಿಷನ್ ಉಳಿಯುತ್ತದೆ ಅಂತ ಅವರಿಗೂ ಗೊತ್ತು. ಆಟೊಗೆ ಹತ್ತುವ ಮೊದಲು ಮಾತು ಮುಗಿಸಿ, ಇಳಿದ ಮೇಲೆ ಆಗುವುದು ಚೌಕಾಸಿ ಅಲ್ಲ, ಜಗಳ. ದೋಣಿಗೆ ತಲೆಗೆ ಎಷ್ಟು, ಇಡೀ ದೋಣಿಗೆ ಎಷ್ಟು ಅಂತ ಎರಡೂ ಕೇಳಿ, ದಂಡೆಯಲ್ಲಿ ಇನ್ನೊಂದು ಕುಟುಂಬ ಹುಡುಕಿ. ರೇಟು ಎಷ್ಟೇ ಇಳಿಸಿದರೂ ಲೈಫ್ ಜಾಕೆಟ್ ಬಿಟ್ಟು ಹತ್ತಬೇಡಿ.

ಎಲ್ಲಿ ಬೇಡ

ಅಂಕೋಲಾ, ಕುಮಟಾದಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಅಜ್ಜಿಯರು ಐದಾರು ಕಟ್ಟು ಹರಿವೆ, ಒಂದು ಬಸಳೆ ಸುರುಳಿ, ನಾಲ್ಕು ಮೊಗೆಕಾಯಿ ಇಟ್ಟುಕೊಂಡು ಕೂತಿರುತ್ತಾರೆ. ಮನೆ ಹಿತ್ತಲಿನದ್ದು, ತಲೆ ಮೇಲೆ ಹೊತ್ತು ತಂದದ್ದು. ಅಲ್ಲಿ ಐದು ರೂಪಾಯಿಗೆ ಬಾಯಿ ಹಾಕಬೇಡಿ. ಅಜ್ಜಿ ಉಳಿದ ಎರಡು ಕಟ್ಟು ತಾನಾಗಿಯೇ ಗಿರಾಕಿಯ ಚೀಲಕ್ಕೆ ಹಾಕಿ ಎದ್ದು ಬಸ್ಸಿಗೆ ಹೊರಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸೂಪರ್ ಮಾರ್ಕೆಟ್ಟಿನ ಬಿಲ್ ಕೌಂಟರಿನಲ್ಲೂ ಬೇಡ, ಅಲ್ಲಿ ಕೂತವರ ಕೈಯಲ್ಲಿ ಏನೂ ಇಲ್ಲ. ಔಷಧಿ ಅಂಗಡಿಯಲ್ಲಿ ಮಾತ್ರ ಕೇಳಿ. ತಿಂಗಳು ತಿಂಗಳು ಬಿಪಿ, ಶುಗರ್ ಮಾತ್ರೆ ಕೊಳ್ಳುವವರಿಗೆ ಅನೇಕರು ರಿಯಾಯಿತಿ ಕೊಡುತ್ತಾರೆ, ಕೇಳದಿದ್ದರೆ ಕೊಡುವುದಿಲ್ಲ. ಜನೌಷಧಿ ಕೇಂದ್ರ ಹತ್ತಿರ ಇದ್ದರೆ ಕೇಳುವ ಕೆಲಸವೇ ಇಲ್ಲ.

ತೂಕ, ಬಿಲ್, ಕೊನೆಗೆ ಕೊಯ್ಯುವುದು

ಇಳಿಸಿದ ರೇಟು ತಕ್ಕಡಿಯಲ್ಲಿ ವಾಪಸ್ ಹೋಗಬಾರದು. ಎಲೆಕ್ಟ್ರಾನಿಕ್ ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ಅಂತ ಮೊದಲು ನೋಡಿ. ಬುಟ್ಟಿ, ತಟ್ಟೆಯ ತೂಕ ಕಳೆಯಿರಿ ಅಂತ ಹೇಳಿ. ಐಸು ಜಾಡಿಸಿ ತೂಗಲಿ. ಅಂಗಡಿಯಲ್ಲಿ ಬಾಟಲಿ ನೀರಿಗೋ ತಂಪು ಪಾನೀಯಕ್ಕೋ "ಕೂಲಿಂಗ್ ಚಾರ್ಜ್" ಅಂತ ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಅದು ಕಾನೂನಿಗೆ ವಿರುದ್ಧ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915. ಫ್ರಿಜ್, ಒಡವೆಯಂಥ ದೊಡ್ಡ ವ್ಯವಹಾರದಲ್ಲಿ ಮೋಸವಾದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಆದರೆ ಕೈಯಲ್ಲಿ ಬಿಲ್ ಬೇಕು.

ಮೀನು ಕೊಯ್ದು ಕೊಡುವವರದ್ದು ಬೇರೆ ಲೆಕ್ಕ, ಮಾರಿದವರದ್ದಲ್ಲ. ಕೊಯ್ಯಲು ಕೊಡುವ ಮೊದಲೇ ಎಷ್ಟು ಅಂತ ಕೇಳಿ, ತುಂಡು ದಪ್ಪ ಬೇಕಾ ತೆಳು ಬೇಕಾ ಅಂತಲೂ ಹೇಳಿ. ಅಲ್ಲೇ ನಿಂತಿರಿ, ಫೋನ್ ನೋಡುತ್ತ ಆಚೆ ಹೋಗಬೇಡಿ. ಇಸ್ವಾಣದ ತಲೆ ಪಕ್ಕಕ್ಕೆ ಸರಿದಿರುತ್ತದೆ. ತೂಕದಲ್ಲಿ ಅದಕ್ಕೂ ದುಡ್ಡು ಕೊಟ್ಟಿದ್ದೀರಿ, ಕೇಳಿ ಚೀಲಕ್ಕೆ ಹಾಕಿಸಿಕೊಳ್ಳಿ. ಸಾರಿಗೆ ಅದೇ ಬೇಕು.